ಬೇಲಿಯೊಳಗಿನವರ ಪ್ರಾರ್ಥನೆಯ ಹಕ್ಕು

ಹಂಪಿಯ ರಾಜಾವರಣದಿಂದ ಈಶಾನ್ಯಕ್ಕೆ ಹೋದರೆ ಅಹ್ಮದ್ ಖಾನನ ಮಸೀದಿ ಸಿಗುತ್ತದೆ. ಗುಮ್ಮಟವಿಲ್ಲ, ಮಿನಾರಿಲ್ಲ, ಕಲ್ಲುಕಂಬಗಳ ಮೇಲೆ ಚಪ್ಪಡಿ ಹೊದಿಸಿದ ಕಟ್ಟಡ. ಗೊತ್ತಿಲ್ಲದವರು ಯಾವುದೋ ದೇವಸ್ಥಾನದ ಮಂಟಪವೆಂದೇ ತಿಳಿಯುತ್ತಾರೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ತನ್ನ ದೊರೆಗೆ ಪುಣ್ಯ ಬರಲೆಂದು ಕಟ್ಟಿಸಿದ ಧರ್ಮಶಾಲೆ ಇದು ಎನ್ನುತ್ತದೆ ಅಲ್ಲಿನ ಶಾಸನ. ಪರದೇಶದವರು ಇಲ್ಲಿಗೆ ಬಂದು ತಮ್ಮ ತಮ್ಮ ಮತದಂತೆ ಬಾಳಿದ್ದನ್ನು ಪೋರ್ಚುಗೀಸಿನ ಬಾರ್ಬೊಸಾ ಕೂಡ ಮೆಚ್ಚಿ ಬರೆದಿದ್ದಾನೆ. ಈ ನೆಲದ ಹೆಮ್ಮೆ ಇದು, ನಿಜ. ಆದರೆ ವಿಜಯನಗರಕ್ಕೆ ಕುದುರೆ ಸವಾರರು ಬೇಕಿತ್ತು, ಬಿಲ್ಲಾಳುಗಳು ಬೇಕಿತ್ತು, ಕಡಲಾಚೆಯಿಂದ ಕುದುರೆ ತರುವ ವ್ಯಾಪಾರಿಗಳು ಬೇಕಿತ್ತು. ಬೇಕಾದವನ ದೇವರಿಗೆ ಜಾಗ ಕೊಡುವುದು ಅಷ್ಟು ಕಷ್ಟವಲ್ಲ. ಯಾರಿಗೂ ಬೇಡವಾದ, ಇವತ್ತೋ ನಾಳೆಯೋ ಹೊರಗೆ ಕಳಿಸಬೇಕಾದ ಪರದೇಶಿಯ ದೇವರಿಗೆ ನಾವೆಷ್ಟು ಜಾಗ ಕೊಡುತ್ತೇವೆ ಎಂಬಲ್ಲಿ ಈ ಹೆಮ್ಮೆಯ ಪರೀಕ್ಷೆ ಇದೆ.

ಅಂಥವರನ್ನು ಇರಿಸಲು ನಮ್ಮ ರಾಜ್ಯದಲ್ಲೂ ಒಂದು ಜಾಗವಿದೆ. ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡಕ್ಕೆ ಮುಳ್ಳುತಂತಿ ಸುತ್ತಿ, ಕಾವಲು ಗೋಪುರ ಎಬ್ಬಿಸಿ, ಅದನ್ನು ವಿದೇಶಿಯರ ಬಂಧನ ಕೇಂದ್ರ ಮಾಡಲಾಯಿತು. ವೀಸಾ ಅವಧಿ ಮೀರಿದವರು, ಕಾಗದಪತ್ರ ಇಲ್ಲದೆ ಸಿಕ್ಕಿಬಿದ್ದವರು, ಜೈಲುಶಿಕ್ಷೆ ಮುಗಿಸಿಯೂ ಗಡೀಪಾರಿಗೆ ಕಾಯುವವರು ಇಂಥ ಕಡೆ ಇರುತ್ತಾರೆ. ಹೊಸಪೇಟೆಯವರಿಗೆ ಇದು ದೂರದ ಸುದ್ದಿಯಲ್ಲ. ಹಂಪಿ, ಕಮಲಾಪುರದ ಪ್ರತಿ ಲಾಡ್ಜಿನವರೂ ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸಲೇಬೇಕು. ಪಾಸ್‌ಪೋರ್ಟಿನ ಮೇಲಿನ ತಾರೀಖು ದಾಟಿತೆಂದರೆ ನಿನ್ನೆಯ ಅತಿಥಿ ಇವತ್ತು ಆರೋಪಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಹೊರರಾಜ್ಯಗಳ ಕಾರ್ಮಿಕರು ತುಂಬಿದ್ದಾರೆ. ಅನುಮಾನ ಬಂದರೆ, ತಾನು ವಿದೇಶಿಯಲ್ಲವೆಂದು ರುಜುವಾತು ಮಾಡುವ ಹೊಣೆ ಸಿಕ್ಕಿಬಿದ್ದವನ ಮೇಲೆಯೇ ಬೀಳುತ್ತದೆ. 1946ರ ವಿದೇಶಿಯರ ಕಾಯ್ದೆಯಲ್ಲೂ ಹೀಗೇ ಇತ್ತು; ಅದರ ಜಾಗಕ್ಕೆ 2025ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಹೀಗೇ ಇದೆ.

ಸಂವಿಧಾನದ ಮಟ್ಟಿಗೆ ಗೊಂದಲವೇನೂ ಇಲ್ಲ. ಮಾತಿನ ಸ್ವಾತಂತ್ರ್ಯ, ದೇಶದಲ್ಲೆಲ್ಲ ಓಡಾಡುವ ಸ್ವಾತಂತ್ರ್ಯ ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ, ಧರ್ಮಪಾಲನೆಯ 25ನೇ ವಿಧಿ ಈ ನೆಲದ ಮೇಲಿರುವ ಎಲ್ಲರಿಗೂ ಸೇರಿದವು. 25ನೇ ವಿಧಿಯ ಮಟ್ಟಿಗೆ 1954ರ ರತಿಲಾಲ್ ಗಾಂಧಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಶಿಕ್ಷೆ ಮುಗಿದ ವಿದೇಶಿಯರನ್ನು ಜೈಲಿನಲ್ಲಿ ಇಟ್ಟುಕೊಳ್ಳಬೇಡಿ, ಬೇರೆ ಕಡೆ ಇರಿಸಿ ಎಂದು 2012ರಲ್ಲಿ ಭೀಮ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮಾದರಿ ಕೈಪಿಡಿ ಕಳಿಸಿತು. ಮರುವರ್ಷ ಬಾಬುಲ್ ಖಾನ್ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ವಿವರವಾದ ಮಾರ್ಗಸೂಚಿ ಕೊಟ್ಟಿತು. ಇವೆಲ್ಲದರ ಹಿಂದಿರುವ ತತ್ವ ಒಂದೇ: ಈ ಬಂಧನ ಶಿಕ್ಷೆಯಲ್ಲ, ಕಳಿಸುವವರೆಗಿನ ತಡೆ. ಹಾಗಿದ್ದ ಮೇಲೆ, ಓಡಾಟವೊಂದನ್ನು ಬಿಟ್ಟು ಬೇರೇನನ್ನೂ ಆ ಮನುಷ್ಯನಿಂದ ಕಿತ್ತುಕೊಳ್ಳಲು ಸರ್ಕಾರಕ್ಕೆ ಕಾರಣವಿಲ್ಲ. ಪ್ರಾರ್ಥನೆಯನ್ನಂತೂ ಅಲ್ಲವೇ ಅಲ್ಲ.

ಶತ್ರುಗಳಿಗೇ ಕೊಟ್ಟ ಹಕ್ಕು ಇದು ಎಂಬುದನ್ನು ನಾವು ಮರೆಯಬಾರದು. ಯುದ್ಧಕೈದಿಗಳಿಗೆ ಧರ್ಮಾಚರಣೆಯ ಪೂರ್ಣ ಸ್ವಾತಂತ್ರ್ಯ ಇರಬೇಕೆಂದು 1907ರ ಹೇಗ್ ನಿಯಮಗಳು ಬರೆದಿಟ್ಟವು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕರಿಗೆಂದು ಬಳ್ಳಾರಿಯಲ್ಲೇ ಶಿಬಿರವಿತ್ತು. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯವರು ಬಂದು ಅದನ್ನು ತಪಾಸಣೆ ಮಾಡಿ ವರದಿ ಬರೆದರು. ಬಂದೂಕು ಹಿಡಿದು ಎದುರು ನಿಂತವನ ಶಿಬಿರಕ್ಕೆ ಹೊರಗಿನವರು ಬಂದು ನೋಡಬಹುದಿತ್ತು. ಹಾಗಿರುವಾಗ, ವೀಸಾ ಮುಗಿದದ್ದೊಂದೇ ತಪ್ಪಾದ ಮನುಷ್ಯ ಅದಕ್ಕಿಂತ ಕಡಿಮೆಗೆ ತೃಪ್ತಿಪಡಬೇಕೆಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಕಾನೂನು ಮುರಿದು ಒಳಬಂದವರಿಗೆ ಇಷ್ಟೆಲ್ಲ ಉಪಚಾರವೇಕೆ ಎಂಬ ಪ್ರಶ್ನೆ ಏಳುತ್ತದೆ. ಕಾನೂನು ಮುರಿದದ್ದಕ್ಕೆ ಮೊಕದ್ದಮೆಯಿದೆ, ಶಿಕ್ಷೆಯಿದೆ, ಗಡೀಪಾರಿದೆ. ನಮಾಜು ತಪ್ಪಿಸುವುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಭದ್ರತೆಯ ಆಕ್ಷೇಪಕ್ಕೆ 25ನೇ ವಿಧಿಯಲ್ಲೇ ಉತ್ತರವಿದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆಯಾದರೆ ತಡೆಯಬಹುದು. ಒಳಬರುವ ಪಾದ್ರಿಯನ್ನೋ ಮೌಲ್ವಿಯನ್ನೋ ಭಂತೆಯನ್ನೋ ತಪಾಸಣೆ ಮಾಡಿ ಬಿಡಿ, ಯಾರು ಬೇಡವೆಂದಾರು? ಮೂರನೆಯ ಆಕ್ಷೇಪ ನಿಜಕ್ಕೂ ತೂಕದ್ದು. ನಮ್ಮ ಬಡಮಕ್ಕಳಿಗೆಂದು ಕಟ್ಟಿದ ಹಾಸ್ಟೆಲ್ಲೇ ಬಂಧನ ಕೇಂದ್ರವಾಯಿತಲ್ಲ, ಅವರಿಗಿಲ್ಲದ ಅನುಕೂಲ ಪರದೇಶಿಗೇಕೆ ಎಂದು ಕೇಳುವವರ ನೋವು ಸುಳ್ಳಲ್ಲ. ಆದರೆ ಹಾಸ್ಟೆಲ್ ಮಕ್ಕಳ ಪಾಲನ್ನು ಬಂಧಿತ ಕಸಿದಿಲ್ಲ. ಆ ಕಟ್ಟಡಕ್ಕೆ ಬೀಗ ಹಾಕಿ ಬೇಲಿ ಸುತ್ತಿದ್ದು ಸರ್ಕಾರ, ಕೇಳಬೇಕಾದ್ದು ಅದನ್ನೇ. ಅಲ್ಲದೆ ಇಲ್ಲಿ ಕೇಳುತ್ತಿರುವುದಕ್ಕೆ ಬಜೆಟ್ಟೇ ಬೇಕಿಲ್ಲ. ರಂಜಾನಿನಲ್ಲಿ ಉಪವಾಸ ಹಿಡಿಯುವವನಿಗೆ ಬೆಳಗಿನ ಎಂಟಕ್ಕೆ ಬರುವ ತಿಂಡಿ ಕೆಲಸಕ್ಕೆ ಬಾರದು. ಅದೇ ಅನ್ನ, ಅದೇ ಸಾರು ನಸುಕಿನ ನಾಲ್ಕಕ್ಕೆ ಸಿಕ್ಕರೆ ಸಾಕು. ಬೈಬಲ್ಲನ್ನು ಸಾಮಾನಿನ ಜೊತೆ ಜಪ್ತಿ ಮಾಡಿ ಕೋಣೆಯಲ್ಲಿ ಬೀಗ ಹಾಕದಿದ್ದರೆ ಸಾಕು. ಮಾಂಸ ತಿನ್ನದವನ ತಟ್ಟೆಗೆ ಬೇರೆ ಸೌಟು, ಕೈಕಾಲು ತೊಳೆಯಲು ನೀರು, ಚಾಪೆ ಹಾಸುವಷ್ಟು ಜಾಗ. ಗಡೀಪಾರು ತಡವಾಗುವುದು ರಾಯಭಾರ ಕಚೇರಿಯಿಂದ ಪ್ರಯಾಣದ ಕಾಗದ ಬಾರದೆ. ಈ ಯಾವುದರಿಂದಲೂ ಅಲ್ಲ.

ಇಷ್ಟೂ ಸಣ್ಣ ವಿಷಯಗಳಾದ್ದರಿಂದಲೇ ಇವು ಕಾವಲುಗಾರನ ಮರ್ಜಿಗೆ ಬಿದ್ದುಹೋಗುತ್ತವೆ. ಒಳ್ಳೆಯವನ ಪಾಳಿಯಲ್ಲಿ ಸಿಕ್ಕದ್ದು ಮುಂದಿನ ಪಾಳಿಯಲ್ಲಿ ಇಲ್ಲ. ಆದ್ದರಿಂದ ರಾಜ್ಯ ಗೃಹ ಇಲಾಖೆ ಇವನ್ನು ಲಿಖಿತ ಆದೇಶವಾಗಿಯೇ ಹೊರಡಿಸಬೇಕು, ಒಳಗಿರುವವರು ಓದಬಲ್ಲ ಭಾಷೆಗಳಲ್ಲಿ ಗೋಡೆಗೆ ಅಂಟಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಸಿಗಬೇಕು. ಜಿಲ್ಲಾ ಪ್ರಾಧಿಕಾರದ ವಕೀಲರು ತಿಂಗಳಿಗೊಮ್ಮೆ ಸೊಂಡೆಕೊಪ್ಪಕ್ಕೆ ಹೋಗಿ, ಕಾವಲಿನವರು ಹತ್ತಿರವಿಲ್ಲದಾಗ ಬಂಧಿತರ ಜೊತೆ ಕೂತು, ಕಾಗದಪತ್ರ ಎಲ್ಲಿಗೆ ಬಂತು ಎಂದು ವಿಚಾರಿಸುವಾಗ ಊಟ ಎಷ್ಟು ಹೊತ್ತಿಗೆ ಬಂತು, ಪ್ರಾರ್ಥನೆಗೆ ಬಿಟ್ಟರೋ ಇಲ್ಲವೋ ಎಂಬುದನ್ನೂ ಕೇಳಿ ಬರೆದುಕೊಳ್ಳಲಿ.