ಫೀಸಿಲ್ಲದ ಶಾಲೆಗೆ ಹಣವೇಕೆ?



ಬಡಮಕ್ಕಳಿಗೆ ಫೀಸನ್ನು ಬಿಟ್ಟುಕೊಟ್ಟ ಮೇಲೆ ದಾತೃಗಳಿಂದ ಇನ್ನೂ ಹಣವನ್ನು ಕೂಡಿಸುವುದು ಯಾತಕ್ಕೆ ಎಂಬ ಪ್ರಶ್ನೆಯು ಸಭೆಗಳಲ್ಲಿ ಆಗಾಗ ಕೇಳಲ್ಪಡುತ್ತದೆ. ಪ್ರಶ್ನೆಯು ನ್ಯಾಯವಾದದ್ದೇ. ನಮ್ಮ ಊರಿನ ಚರಿತ್ರೆಯಿಂದಲೇ ಅದಕ್ಕೆ ಉತ್ತರ ಕೊಡುವುದು ಈ ಲೇಖನದ ಉದ್ದೇಶವಾಗಿದೆ.

ನಾನು ಉಪಾಧ್ಯಾಯಿನಿಯಾದ ಆರಂಭದ ವರ್ಷಗಳಲ್ಲಿ, ಬೇರೊಂದು ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳಿಗೆ ಫೀಸನ್ನು ಪೂರ್ಣವಾಗಿ ಮನ್ನಾ ಮಾಡಲಾಗಿತ್ತು. ನಾವೆಲ್ಲರೂ ಸಂತೋಷಪಟ್ಟೆವು. ಆಟಿಯ ಮಳೆ ಹಿಡಿದ ಮೇಲೆ ಅವಳು ಬರುವುದು ಕಡಿಮೆಯಾಗಿ ಒಂದು ದಿನ ನಿಂತೇಹೋಯಿತು. ಮನೆಗೆ ಹೋಗಿ ವಿಚಾರಿಸಲು, ಇದ್ದ ಒಂದೇ ಜೊತೆ ಸಮವಸ್ತ್ರವು ಒಣಗುತ್ತಿರಲಿಲ್ಲವೆಂದೂ ಬಸ್ಸಿಗೆ ಹಣವಿರಲಿಲ್ಲವೆಂದೂ ತಿಳಿದುಬಂತು. ಅವಳು ಜಗಲಿಯಲ್ಲಿ ತಾಯಿಯ ಪಕ್ಕದಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. “ಇವಳ ಕೈಯೂ ಸೇರಿದರೆ ಅಕ್ಕಿಗೆ ಸಾಕಾಗುತ್ತದೆ, ಟೀಚರ್” ಎಂದು ತಾಯಿ ಹೇಳಿದಳು. ಬಾಲಿಕೆ ತಿರಿಗಿ ಶಾಲೆಗೆ ಬರಲಿಲ್ಲ. ತಪ್ಪು ಆ ತಾಯಿಯದಲ್ಲ. ಫೀಸನ್ನು ಬಿಟ್ಟರೆ ಸಾಕೆಂದೆಣಿಸಿದ ನಮ್ಮದು.

ಬಡಮಗುವಿನ ವಿದ್ಯೆಗೆ ಮೂರು ವಿಧವಾದ ವೆಚ್ಚಗಳುಂಟು. ಉಪಾಧ್ಯಾಯರ ಸಂಬಳ, ಕಟ್ಟಡ, ಪೀಠೋಪಕರಣಗಳು ಇವು ಶಾಲೆಯ ವೆಚ್ಚ. ಬಟ್ಟೆ, ಪುಸ್ತಕ, ಕೊಡೆ, ಪ್ರಯಾಣ, ಊಟ ಇವು ಮಗುವಿನ ವೆಚ್ಚ. ಮೂರನೆಯದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸದು. ಮಗುವು ದುಡಿದು ತರುತ್ತಿದ್ದದ್ದು ನಿಂತುಹೋಗುವುದರಿಂದ ಮನೆಗಾಗುವ ನಷ್ಟವೇ ಅದು. ಫೀಸಿನ ಮನ್ನಾ ಮೊದಲನೆಯದರ ಒಂದು ಪಾಲನ್ನು ಮಾತ್ರ ನೀಗಿಸುತ್ತದೆ.

ಈ ಸತ್ಯವನ್ನು ನಮ್ಮ ಮಂಗಳೂರಿನಲ್ಲಿ ಬಹಳ ಹಿಂದೆಯೇ ಗ್ರಹಿಸಿದವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಇಲ್ಲಿ ವಕೀಲರಾಗಿದ್ದ ಇವರು, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರಕ್ಕೆ ಗುರಿಯಾದರೂ ಹಿಂಜರಿಯಲಿಲ್ಲ. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನಲ್ಲದೆ ಸ್ವಲ್ಪ ಕಾಸನ್ನೂ ಕೊಡಿಸುತ್ತಿದ್ದರು. ಊಟವು ಎರಡನೆಯ ವೆಚ್ಚಕ್ಕೆ, ಕಾಸು ಮೂರನೆಯದಕ್ಕೆ! ಕರ್ನಾಟಕ ಸರ್ಕಾರವು ಅಕ್ಷರ ದಾಸೋಹದ ಬಿಸಿಯೂಟವನ್ನು ಆರಂಭಿಸಿದ್ದು 2002ರಲ್ಲಿ. ತಾವು ಓದಿಸಿದ ಕುಲದ ಮಗುವೊಂದು ದೊಡ್ಡ ಉದ್ಯೋಗವನ್ನು ಹೊಂದಿ ಈ ಊರಿನ ಬೀದಿಯಲ್ಲಿ ವಾಹನವೇರಿ ಹೋಗುವಾಗ ಅದರ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂಬುದು ಅವರ ಆಶೆಯಾಗಿತ್ತು. 1928ರಲ್ಲಿ ಅವರು ತೀರಿಹೋದರು. ನಮ್ಮ ಪುರಭವನಕ್ಕೆ ಅವರ ಹೆಸರೇ ಇಡಲ್ಪಟ್ಟಿದೆ.

ಇಂಥ ಕಾರ್ಯಕ್ಕೆ ಹಣವು ಶ್ರೀಮಂತರಿಂದಲೇ ಬರತಕ್ಕದ್ದೆಂದು ಎಣಿಸಬಾರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಆಧಾರವನ್ನು ನೋಡಿರಿ. 1855ರಲ್ಲಿ ಆ ದೇಶದಲ್ಲಿ ‘ಅರ್ಧ ಬಾಟ್ಸನ್’ ಎಂಬ ಚಂದಾ ಏರ್ಪಾಡಾಯಿತು. ಬಾಟ್ಸನ್ ಎಂಬುದು ಸ್ವಿಸ್ ದೇಶದ ಒಂದು ಚಿಲ್ಲರೆ ನಾಣ್ಯವಾಗಿತ್ತು. ಸಾಧಾರಣ ಜನರು ವಾರಕ್ಕೆ ಅದರ ಅರ್ಧವನ್ನು ಕೊಡುತ್ತಿದ್ದರು. ಮನೆಮನೆಗೆ ಹೋಗಿ ಅದನ್ನು ಕೂಡಿಸುವವರಿದ್ದರು. ನಮ್ಮ ಕಾಲದಲ್ಲಿಯೂ, ಕಿತ್ತಳೆಹಣ್ಣು ಮಾರಿ ಜೀವಿಸುತ್ತಿದ್ದ, ಅಕ್ಷರ ಕಲಿಯದ ಹರೇಕಳ ಹಾಜಬ್ಬನವರು ತಮ್ಮ ಉಳಿತಾಯವನ್ನು ಸುರಿದು ನ್ಯೂಪಡ್ಪುವಿನಲ್ಲಿ ಶಾಲೆಯಾಗುವಂತೆ ಮಾಡಿದರು. 2020ರ ಪದ್ಮಶ್ರೀಯು ಅವರಿಗೆ ಸಂದಿತು.

ಚಿಕ್ಕ ಚಂದಾದ ವಿಶೇಷ ಗುಣವು ಅದರ ಕ್ರಮದಲ್ಲಿದೆ. ಒಮ್ಮೆ ಬಂದ ದೊಡ್ಡ ಮೊತ್ತದಿಂದ ಕೋಣೆಯೊಂದನ್ನು ಕಟ್ಟಿಸಬಹುದು. ಆದರೆ ಜೂನಿನಲ್ಲಿ ಕೊಡೆ, ಪ್ರತಿ ತಿಂಗಳು ಬಸ್ಸಿನ ಹಣ, ಪರೀಕ್ಷೆಯ ಕಾಲದಲ್ಲಿ ಶುಲ್ಕ, ಹೀಗೆ ಮಗುವಿನ ಅಗತ್ಯಗಳು ತಪ್ಪದೆ ತಿರಿತಿರಿಗಿ ಬರುತ್ತವೆ; ಸಹಾಯವೂ ಹಾಗೆಯೇ ಬರಬೇಕು. ಎಂಟನೆಯಲ್ಲಿ ಕೈಹಿಡಿದು ಒಂಬತ್ತನೆಯಲ್ಲಿ ಬಿಟ್ಟರೆ ಬಾಲಿಕೆಯ ನಿರಾಶೆಯು ಇಮ್ಮಡಿಯಾಗುವದು.

2009ರ ಶಿಕ್ಷಣ ಹಕ್ಕಿನ ಕಾಯಿದೆ ಇರುವಾಗ ಇದೆಲ್ಲ ಬೇಕೇ ಎಂದು ಕೆಲವರು ಕೇಳಬಹುದು. ಆ ಹಕ್ಕು 6ರಿಂದ 14 ವರ್ಷದವರೆಗೆ ಮಾತ್ರ. ಹೈಸ್ಕೂಲಿನ ಕಡೆಯ ಎರಡು ವರ್ಷಗಳು ಅದರ ಹೊರಗೆ ಉಳಿಯುತ್ತವೆ. ಹೆಣ್ಣುಮಕ್ಕಳು ಮನೆಗೆಲಸಕ್ಕೂ ಬೀಡಿಯ ಸೂಪಿಗೂ ಸೆಳೆಯಲ್ಪಡುವ ಪ್ರಾಯವೂ ಅದೇ.

ಕಡೆಯದಾಗಿ ಒಂದು ಮಾತು. ಸಹಾಯ ಹೊಂದುವ ಬಾಲಿಕೆಯನ್ನು ವೇದಿಕೆಗೆ ಕರೆದು ಎಲ್ಲರ ಮುಂದೆ ನಿಲ್ಲಿಸುವುದು ಉಚಿತವಲ್ಲ. ತನ್ನ ಬಡತನವನ್ನು ಗೆಳತಿಯರ ಮುಂದೆ ತೋರಿಸಿ ಪಡೆದ ಪುಸ್ತಕವು ಅವಳಿಗೆ ಭಾರವಾಗುವದು. ದಾತೃವಿಗೆ ಲೆಕ್ಕವನ್ನು ಒಪ್ಪಿಸುವುದು ನಮ್ಮ ಕರ್ತವ್ಯ. ಮಗುವನ್ನು ಒಪ್ಪಿಸುವುದು ಅಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪಕ್ಕದಲ್ಲಿ ಕೂತಿದ್ದು ಒಂದು ದಿನ ಕಾಣದೆಹೋದ ಗೆಳತಿಯನ್ನು ನೆನಸಿಕೊಳ್ಳಿರಿ. ಅವಳ ಸ್ಥಳದಲ್ಲಿ ಇಂದು ಕೂತಿರುವವಳು ಪರೀಕ್ಷೆಯ ತನಕ ಅಲ್ಲಿಯೇ ಇರಬೇಕೆಂಬುದೇ ನಮ್ಮ ಬಿನ್ನಹ.