ಒಡೆದ ಕೊಳವೆ ಹೇಳುವ ಸಾಕ್ಷ್ಯ

ಕಳಸದಿಂದ ಭದ್ರಾ ನದಿ ಹರಿದುಬರುವ ದಿಕ್ಕಿಗೆ ಸಾಗಿದರೆ ಕುದುರೆಮುಖದ ಗಣಿಪ್ರದೇಶ ಎದುರಾಗುತ್ತದೆ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಇಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರನ್ನು ಹಿಟ್ಟಿನಂತೆ ಅರೆದು, ಕಲ್ಲಿನ ಅಂಶವನ್ನು ಕಳೆದು, ನೀರಿನಲ್ಲಿ ಕದಡಿ, 67 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯ ಮೂಲಕ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಮ್ಯಾಗ್ನಟೈಟಿನ ಕಣವು ಸಾಧಾರಣ ಉಕ್ಕಿಗಿಂತ ಗಡುಸು. ಹೀಗಾಗಿ ಕಬ್ಬಿಣದ ಅದಿರೇ ಕಬ್ಬಿಣದ ಕೊಳವೆಯನ್ನು ತಿನ್ನುವ ವಿಚಿತ್ರವು ಇಲ್ಲಿ ಒದಗುತ್ತದೆ.

ಇಂತಹ ಕೊಳವೆ ಘಟ್ಟದ ನಡುವೆ ಒಡೆದರೆ ಕಪ್ಪು ರಾಡಿಯು ಹಳ್ಳಕ್ಕೂ ಗದ್ದೆಗೂ ನುಗ್ಗುವುದು. ಆಗ ತೂತನ್ನು ಬೆಸೆದು ಮುಚ್ಚಿದರಷ್ಟೇ ಸಾಲದು. ಕಾರಣ ತಿಳಿಯದಿದ್ದರೆ ನಾಳೆ ಮತ್ತೊಂದೆಡೆ ಒಡೆದೀತು. ಆ ಕಾರಣವನ್ನು ಹುಡುಕುವವನೇ ಲೋಹಶಾಸ್ತ್ರಜ್ಞ.

ಒಡೆದ ತುಂಡು ಕೊಳವೆಯ ಯಾವ ಮಗ್ಗುಲಿನದೆಂಬುದು ಅವನ ಮೊದಲ ಪ್ರಶ್ನೆ. ತಳವು ಗಾಡಿಯ ಜಾಡಿನಂತೆ ಸವೆದಿದ್ದರೆ, ಹರಿವಿನ ವೇಗ ಸಾಲದೆ ಕಣಗಳು ಕೆಳಗಿಳಿದು ಉಜ್ಜುತ್ತ ಸಾಗಿವೆಯೆಂದು ಅರ್ಥ. ತಿರುವಿನ ಹೊರಮಗ್ಗುಲು ತೆಳುವಾಗಿದ್ದರೆ, ವೇಗವು ಮಿತಿಮೀರಿ ಕಣಗಳು ಅಪ್ಪಳಿಸಿರಬೇಕು. ಒಳಮೈಯಲ್ಲಿ ಗುಳಿಗಳಿದ್ದರೆ ಸಂದೇಹವು ನೀರಿನಲ್ಲಿ ಕರಗಿದ ಆಮ್ಲಜನಕದ ಮೇಲೆ. ಸುಣ್ಣ ಬೆರೆಸಿ ನೀರನ್ನು ಕ್ಷಾರೀಯವಾಗಿಸುವುದು ಇದಕ್ಕೆ ರೂಢಿಯಲ್ಲಿರುವ ಉಪಾಯ. ಗುಳಿಗಳು ಹೊರಮೈಯಲ್ಲಿದ್ದರೆ ಅಪರಾಧಿ ರಾಡಿಯಲ್ಲ, ತೇವದ ಮಣ್ಣು.

ರೋಗನಿದಾನ ತಪ್ಪಿದರೆ ಔಷಧವೇ ವಿಷವಾದೀತು. ವೇಗವನ್ನು ಹೆಚ್ಚಿಸಿದರೆ ತಳದ ಸವೆತ ಕಡಿಮೆಯಾಗುವುದು. ಆದರೆ ತಿರುವಿನ ಸವೆತ ಉಲ್ಬಣಿಸುವುದು. ಉಕ್ಕನ್ನು ಗಡುಸಾಗಿಸಿದ ಮಾತ್ರಕ್ಕೆ ತುಕ್ಕು ನಿಲ್ಲದು.

ನಾಲ್ಕನೆಯ ಶತ್ರುವೊಂದುಂಟು. ಪಂಪಿನ ಒತ್ತಡವು ಏರಿಳಿಯುತ್ತಿದ್ದರೆ ಲೋಹವು ದಣಿಯುತ್ತದೆ. ಒಮ್ಮೆಗೆ ಏನನ್ನೂ ಮಾಡಲಾರದ ಅಲ್ಪ ಬಲವು ಲಕ್ಷಾಂತರ ಬಾರಿ ಮರುಕಳಿಸಿದಾಗ ಸೂಕ್ಷ್ಮ ಬಿರುಕು ಹುಟ್ಟಿ, ಮೆಲ್ಲಮೆಲ್ಲನೆ ಬೆಳೆದು, ಕೊನೆಗೆ ಥಟ್ಟನೆ ಮುರಿತವಾಗುವುದು.

ಇದನ್ನು ವಾಚಕರು ಸ್ವತಃ ನೋಡಬಹುದು. ಸೈಕಲ್ಲಿನ ಅಚ್ಚು ಮುರಿದಾಗ ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಬೇಡಿರಿ, ಸಾಕ್ಷ್ಯವು ಉಜ್ಜಿಹೋಗುವುದು. ಮುರಿದ ಮುಖವನ್ನು ಭೂತಗನ್ನಡಿಯಿಂದ ಪರೀಕ್ಷಿಸಿರಿ. ಒಂದು ಭಾಗ ನಯವಾಗಿದ್ದು, ಸಮುದ್ರತೀರದ ಮರಳಿನ ಮೇಲೆ ಅಲೆಗಳು ಬಿಟ್ಟುಹೋದಂತಹ ಬಾಗುಗೆರೆಗಳು ಕಂಡರೆ, ಅದು ಬಿರುಕು ಬಹುದಿನಗಳಿಂದ ಬೆಳೆದ ಜಾಗ. ಒರಟಾದ ಉಳಿದ ಭಾಗವು ಕೊನೆಯ ಗಳಿಗೆಯಲ್ಲಿ ಮುರಿದದ್ದು. ಆ ಗೆರೆಗಳು ಎಲ್ಲಿಂದ ಹೊರಟಿವೆಯೋ ಅಲ್ಲಿಯೇ ದೋಷದ ಮೂಲವನ್ನು ಅರಸಬೇಕು. ಅಚ್ಚು ಇಂದು ಮುರಿದಿರಬಹುದು. ಅದು ಸೋಲತೊಡಗಿದ್ದು ಎಂದೋ.