ನೇಪಾಳ ಸೂಪರ್ ಲೀಗ್: ತಂಡಕ್ಕೆ ಊರಿನ ಹೆಸರು, ಪಂದ್ಯ ಮಾತ್ರ ರಾಜಧಾನಿಯಲ್ಲಿ!

ತಂಡಕ್ಕೆ ನಿಮ್ಮೂರಿನ ಹೆಸರಿದೆ, ಆದರೆ ಒಂದು ಪಂದ್ಯವೂ ಊರಲ್ಲಿ ನಡೆಯುವುದಿಲ್ಲ ಎಂದರೆ? 2021ರಲ್ಲಿ ಧನಗಢಿ ಎಫ್‌ಸಿ ಅಭಿಮಾನಿಗಳಿಗೆ ಆಗಿದ್ದು ಇದೇ.

ಅದು ನೇಪಾಳ ಸೂಪರ್ ಲೀಗ್‌ನ ಮೊದಲ ಆವೃತ್ತಿ. ಅಲ್ಲಿನ ಹಳೆಯ 'ಎ' ಡಿವಿಷನ್ ಲೀಗ್‌ನಲ್ಲಿ ಕಾಠ್ಮಂಡು ಕಣಿವೆಯ ಕ್ಲಬ್‌ಗಳು ಹಾಗೂ ಸೇನೆ, ಪೊಲೀಸ್ ತಂಡಗಳದ್ದೇ ಕಾರುಬಾರು. ಹೀಗಾಗಿ ಹೊಸ ಫ್ರಾಂಚೈಸಿ ಲೀಗ್‌ನಿಂದ ಪೋಖರಾ, ಬಿರಾಟ್‌ನಗರ, ಬುಟ್ವಾಲ್, ಚಿತ್ವಾನ್, ಧನಗಢಿಗೂ ತಮ್ಮದೇ ತಂಡ ಸಿಕ್ಕಿತು. ಕಾಠ್ಮಂಡು, ಲಲಿತಪುರ ಸೇರಿ ಒಟ್ಟು 7 ತಂಡಗಳು.

ಆದರೆ ಪಂದ್ಯಗಳೆಲ್ಲ ನಡೆದಿದ್ದು ಕಾಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲಿ. ಧನಗಢಿ ಇರುವುದು ದೇಶದ ಪಶ್ಚಿಮ ಅಂಚಿನಲ್ಲಿ, ಭಾರತದ ಗಡಿ ಬಳಿ. ರಾಜಧಾನಿ ಅಲ್ಲಿಂದ 600 ಕಿ.ಮೀ.ಗೂ ಹೆಚ್ಚು ದೂರ. ತಂಡ ಫೈನಲ್ ತಲುಪಿದರೂ ಕಾಠ್ಮಂಡು ರೇಜರ್ಸ್ ಎದುರು ಸೋತಿತು.

ತವರು ಮೈದಾನ ಏಕೆ ಮುಖ್ಯ? ಬೆಂಗಳೂರು ಎಫ್‌ಸಿಗೆ ಕಂಠೀರವ ಇದ್ದಂತೆ, ಟಿಕೆಟ್ ಆದಾಯ, ಸ್ಥಳೀಯ ಪ್ರಾಯೋಜಕರು, ಗ್ಯಾಲರಿಯ ಅಬ್ಬರ ಎಲ್ಲವೂ ಅಲ್ಲಿಂದಲೇ ಬರಬೇಕು. ಒಂದೇ ಕ್ರೀಡಾಂಗಣದಲ್ಲಿ ಆಡಿಸಿದರೆ ಪ್ರಯಾಣ, ವಸತಿ, ನೇರಪ್ರಸಾರದ ಖರ್ಚು ಉಳಿಯುತ್ತದೆ ನಿಜ. ಆದರೆ ಊರಿನ ಹುಡುಗರು ತಮ್ಮ ತಂಡವನ್ನು ಪರದೆಯ ಮೇಲಷ್ಟೇ ನೋಡುವಂತಾದರೆ, ಕ್ಲಬ್ ಆ ಊರಲ್ಲಿ ಬೇರು ಬಿಡುವುದು ಕಷ್ಟ.